ಅಳಿಯ ಕೂರಿಸಿದ ಫ್ಯಾನು

ಮದುವೆಯಾದ ಮೇಲೆ ನಾನು ಒಂದೇ ಒಂದು ತಪ್ಪನ್ನೂ ಮಾಡಲಿಲ್ಲ. ಇದು ನನ್ನ ಹೆಂಡತಿಯ ತವರುಮನೆಯವರ ಅಭಿಪ್ರಾಯ, ಇವತ್ತಿಗೂ ಬದಲಾಗಿಲ್ಲ. ಆ ಮನೆ ಬೆಳಗಾವಿಯ ಶಹಾಪುರದಲ್ಲಿತ್ತು. ಮುಂದೆ ವಾಸ, ಹಿಂದೆ ತಗಡಿನ ಮಾಡಿನ ಕೆಳಗೆ ಪವರ್‌ಲೂಮ್‌ಗಳ ಗದ್ದಲ. ನಾನು ಖಾನಾಪುರದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಮಾಸ್ತರ. ಖಾನಾಪುರದಲ್ಲಿ ನನ್ನ ಮಾತನ್ನು ಒಂಬತ್ತನೆಯ ತರಗತಿಯ ಹುಡುಗರೂ ಕೇಳುತ್ತಿರಲಿಲ್ಲ. ಶನಿವಾರ ಮುಂಜಾನೆಯ ಶಾಲೆ ಮುಗಿಸಿ, ರೈಲು ಹತ್ತಿ, ಬೆಳಗಾವಿಯಲ್ಲಿ ಇಳಿದರೆ ಸಾಕು, ಅಳಿಯನಾಗಿಬಿಡುತ್ತಿದ್ದೆ. ಅಂದರೆ, ತಪ್ಪು ಮಾಡುವ ಹಕ್ಕನ್ನು ಕಳೆದುಕೊಳ್ಳುತ್ತಿದ್ದೆ.

ಒಂದು ಉದಾಹರಣೆ ಕೊಟ್ಟರೆ ಆ ಮನೆಯ ಆಡಳಿತ ಪದ್ಧತಿ ಅರ್ಥವಾದೀತು. ಒಂದು ಸಲ ಪಡಸಾಲೆಯಲ್ಲಿ ಕುಳಿತು, ಗೋಡೆ ಗಡಿಯಾರ ನೋಡಿ, ಕೈಗಡಿಯಾರ ನೋಡಿ, "ಇದು ಹಿಂದ ಐತಿ" ಎಂದೆ. ಹೇಳಬೇಕೆಂದು ಹೇಳಿದ್ದಲ್ಲ, ಸುಮ್ಮನೆ ಕುಳಿತವನ ಬಾಯಿಂದ ಬಂದದ್ದು. ಮಾವನವರು ತಕ್ಷಣ ಸ್ಟೂಲು ತರಿಸಿ ಗಡಿಯಾರದ ಮುಳ್ಳು ಮುಂದೆ ಸರಿಸಿದರು. ಖಾನಾಪುರಕ್ಕೆ ಮರಳಿದ ಮೇಲೆ ಗೊತ್ತಾಯಿತು, ಮುಂದೆ ಓಡುತ್ತಿದ್ದದ್ದು ನನ್ನ ಕೈಗಡಿಯಾರ. ಮುಂದಿನ ವಾರ ಹೋಗಿ ನಾಚುತ್ತ ಹೇಳಿದರೆ ಮಾವನವರು, "ಇರ್ಲಿ ಬಿಡ್ರಿ, ಮಂದಿ ಲಗೂನ ಕೆಲಸಕ್ಕ ಬರಾಕತ್ಯಾರ" ಎಂದರು. ಮಗ್ಗದ ಕೆಲಸಗಾರರು, ಹಾಲಿನವನು, ಪೂಜೆ, ಊಟ, ಎಲ್ಲವೂ ನನ್ನ ತಪ್ಪು ಗಡಿಯಾರದ ಪ್ರಕಾರ ನಡೆಯುತ್ತಿದ್ದವು. ಒಂದು ಇಡೀ ಮನೆತನವನ್ನು ಕಾಲಕ್ಕಿಂತ ಮುಂದೆ ಒಯ್ದ ಕೀರ್ತಿ ನನ್ನದು.

ಇಂಥ ಮನೆಯಲ್ಲಿ ಅಳಿಯನಾದವನು ಬಾಯಿ ಮುಚ್ಚಿಕೊಂಡು ಹೋಳಿಗೆ ತಿನ್ನಬೇಕು. ನಾನು ಮೋಟಾರ್ ಸೈಕಲ್ಲಿನ ಬಗ್ಗೆ ಮಾತಾಡಿದೆ.

ಮೋಟಾರ್ ಸೈಕಲ್ಲು ಹೆಂಡತಿಯ ತಮ್ಮನದು. ಮಗ್ಗಗಳ ಉಸ್ತುವಾರಿ ಅವನದೇ. ನೂಲು ಕಡಿಯಲಿ, ಬೆಲ್ಟು ಜಾರಲಿ, ಬೋಲ್ಟು ತಿರುಗಿಸುವ ಪಾನಾ ಹಿಡಿದು ತಾನೇ ಕೂರುತ್ತಿದ್ದ. ಮಾತು ಕಡಿಮೆ. ಎಂಬತ್ತರ ದಶಕದ ನಡುವಿನಲ್ಲಿ, ಊರ ಮುಕ್ಕಾಲು ಪಾಲು ಸೈಕಲ್ಲಿನ ಮೇಲಿದ್ದಾಗ, ಅವನು ಎಲ್ಲಿಂದಲೋ ಜೋಡಿ ಸಿಲಿಂಡರಿನ ಓಟದ ಗಾಡಿಯೊಂದನ್ನು ಹಳೆಯದರಲ್ಲಿ ಹಿಡಿದು ತಂದಿದ್ದ. ಕೆಂಪು ಪೆಟ್ರೋಲ್ ಟಾಕಿ, ತಗ್ಗಿಸಿದ ಹ್ಯಾಂಡಲ್. ಚಾಲೂ ಮಾಡಿದರೆ ಮಗ್ಗಗಳ ಸದ್ದೂ ಸಣ್ಣದಾಗುತ್ತಿತ್ತು. ಅದಕ್ಕೆ ಇದ್ದದ್ದು ಒಂದೇ ರೋಗ: ಕಾಯುತ್ತಿತ್ತು. ಗಾಳಿಯಿಂದಲೇ ತಣ್ಣಗಾಗುವ ಇಂಜಿನು ಅದು. ಸಿಲಿಂಡರಿನ ಸುತ್ತ ಪದರಪದರವಾಗಿ ಲೋಹದ ಪಟ್ಟಿಗಳಿದ್ದು, ಓಡುವಾಗ ಅವುಗಳ ನಡುವೆ ಗಾಳಿ ಹಾಯ್ದು ಕಾವನ್ನು ಒಯ್ಯಬೇಕು. ನಿಧಾನ ಹೋದರೆ, ಏರು ಹತ್ತಿದರೆ ಗಾಳಿ ಸಾಲದೆ ಪಿಸ್ಟನ್ನು ಉಬ್ಬಿ ಸಿಲಿಂಡರಿನ ಗೋಡೆಗೆ ಕಚ್ಚಿಕೊಳ್ಳುತ್ತಿತ್ತು. ಆಮೇಲೆ ಗಾಡಿ ಅಲ್ಲ, ಕಬ್ಬಿಣ.

ಹಿಂಡಲಗಾದ ಆಚೆಯ ಬಯಲಿನಲ್ಲಿ ದೀಪಾವಳಿ ಮುಗಿದ ಮೇಲೆ ಊರಿನ ಕೆಲವು ಉತ್ಸಾಹಿಗಳು ಮೋಟಾರ್ ಸೈಕಲ್ಲಿನ ಓಟ ಇಡುತ್ತಿದ್ದರು. ಹಿಂದಿನ ವರ್ಷ ನಮ್ಮವನು ಮುಂದಿನ ಗುಂಪಿನಲ್ಲೇ ಇದ್ದಾಗ, ಕೊನೆಯ ಸುತ್ತಿನಲ್ಲಿ ಇಂಜಿನು ಕಚ್ಚಿ ನಿಂತಿತಂತೆ. ಬಯಲಿನ ಉದ್ದಕ್ಕೂ ತಳ್ಳಿಕೊಂಡು ಬಂದನಂತೆ. ಯಾರೋ ಮರಾಠಿಯಲ್ಲಿ, ಎಮ್ಮೆಯನ್ನು ನೀರು ಕುಡಿಸಲು ಒಯ್ಯುತ್ತಿದ್ದಾನೆ, ದಾರಿ ಬಿಡಿ, ಎಂದು ಕೂಗಿದರಂತೆ. ಇದನ್ನು ಅವನು ಹೇಳಲಿಲ್ಲ, ಹೆಂಡತಿ ಹೇಳಿದಳು.

ಈ ವರ್ಷ ಅವನಿಗೆ ಕೊನೆಯ ಅವಕಾಶ. ಬೈಲಹೊಂಗಲದ ಕಡೆಯ ಒಂದು ಸಂಬಂಧ ಗಟ್ಟಿಯಾಗುತ್ತಿತ್ತು. ಹೆಣ್ಣಿನವರು ಬೇರೆ ಏನೂ ಕೇಳಲಿಲ್ಲ. ಗಾಡಿ ಓಡಿಸಿ ಕುತ್ತಿಗೆ ಮುರಿದುಕೊಳ್ಳುವವನಿಗೆ ಮಗಳನ್ನು ಕೊಡುವುದಿಲ್ಲ ಎಂದಷ್ಟೇ ಹೇಳಿದರು. ಮಾವನವರು ಮಗನಿಗೆ ಹೇಳಿದ್ದು: ಈ ಸಲ ಓಟ ಮುಗಿಸು, ಮರುವಾರ ಗಾಡಿ ಮಾರು. ಅವನು ಒಪ್ಪಿದ್ದ. ಗೆಲ್ಲಬೇಕೆಂದು ಅವನು ಯಾರ ಮುಂದೆಯೂ ಅಂದದ್ದಿಲ್ಲ. ಅಕ್ಕನ ಹತ್ತಿರ ಮಾತ್ರ, "ಒಮ್ಮೆ ಫುಲ್ ಬಿಟ್ಟು ಕಡೀತನಕ ಮುಟ್ಟಸಬೇಕಕ್ಕಾ, ತಳ್ಳಲಾರದ" ಎಂದಿದ್ದನಂತೆ. ಇಪ್ಪತ್ತೈದರ ಹುಡುಗನ ಆಸೆ ಇಷ್ಟೇ.

ಈ ಆಸೆಯ ನಡುವೆ ನಾನು ವಿಜ್ಞಾನವನ್ನು ತಂದೆ.

ಮಳೆಗಾಲದ ಒಂದು ಭಾನುವಾರ ಊಟವಾದ ಮೇಲೆ, ಎಲೆಅಡಿಕೆಯ ಹೊತ್ತಿನಲ್ಲಿ, ಸ್ಕೂಟರಿನ ಇಂಜಿನು ತಗಡಿನ ಕವಚದೊಳಗೆ ಮುಚ್ಚಿಟ್ಟಿದ್ದರೂ ಯಾಕೆ ಕಾಯುವುದಿಲ್ಲ ಎಂಬ ಪ್ರಶ್ನೆಯನ್ನು ನಾನೇ ಕೇಳಿ, ನಾನೇ ಉತ್ತರಿಸಿದೆ: ಒಳಗೆ ಫ್ಯಾನ್ ಇದೆ. ಹಾಗಾದರೆ ಈ ಗಾಡಿಗೂ ಒಂದು ಫ್ಯಾನ್ ಹಾಕಿದರೆ? ಹಾಕಿ, ಗಾಳಿ ಚೆಲ್ಲದ ಹಾಗೆ ಸುತ್ತ ತಗಡಿನ ಗೂಡು ಕಟ್ಟಿದರೆ? ಮಾವನವರ ಅಡಿಕೆಕತ್ತರಿ ನಿಂತಿತು. ಬಾಗಿಲ ಮರೆಯಲ್ಲಿ ಅತ್ತೆಯವರ ಬಳೆ ಸದ್ದೂ ನಿಂತಿತು. ಮೈದುನ ನೆಲ ನೋಡುತ್ತ ಕುಳಿತಿದ್ದ. ಆ ಹೊತ್ತಿನಲ್ಲಿ ಅವನು "ಬ್ಯಾಡ್ರಿ" ಅನ್ನಬಹುದಿತ್ತು. ಅಂದರೆ, ಬೇರೆ ಮನೆಯಲ್ಲಿ ಹುಟ್ಟಿದ್ದರೆ ಅನ್ನಬಹುದಿತ್ತು.

"ಅಳಿಯಾರು ಹೇಳಿದ ಮ್ಯಾಲ ಮುಗೀತು" ಎಂದರು ಮಾವನವರು.

"ಆತ್ರಿ ಮಾಮಾ" ಎಂದ ಮೈದುನ.

ಹೀಗೆ ಆ ಗಾಡಿಯ ಭವಿಷ್ಯ ಸರ್ವಾನುಮತದಿಂದ ನಿರ್ಧಾರವಾಯಿತು.

ಗುಜರಿ ಅಂಗಡಿಯಲ್ಲಿ ಕಾರಿನೊಳಗೆ ಡ್ರೈವರನ ಮುಖಕ್ಕೆ ಬೀಸುವ ಪುಟ್ಟ ಫ್ಯಾನೊಂದು ಸಿಕ್ಕಿತು. ತಗಡಿನ ಗೂಡನ್ನು ನಾನೇ ಕಾಗದ ಕತ್ತರಿಸಿ ಅಳತೆ ಮಾಡಿ, ಡಬ್ಬಿ ಬೆಸೆಯುವವನಿಂದ ಬೆಸೆಸಿ ತಂದೆ. ಮುಂದಿನ ಗಾಲಿಯ ಹಿಂದೆ, ಇಂಜಿನಿನ ಮುಖಕ್ಕೆ ಸರಿಯಾಗಿ ಅದನ್ನು ಕೂರಿಸಿ, ಬ್ಯಾಟರಿಗೆ ತಂತಿ ಕೊಟ್ಟು, ಹ್ಯಾಂಡಲ್ಲಿಗೆ ಮನೆಯ ದೀಪದ ಸ್ವಿಚ್ಚು ಬಿಗಿದೆವು. ಗಾಡಿಯನ್ನು ನಿಂತಲ್ಲೇ ಚಾಲೂ ಮಾಡಿ ಸ್ವಿಚ್ಚು ಒತ್ತಿದಾಗ ಫ್ಯಾನು ತಿರುಗಿತು, ಬ್ಯಾಟರಿ ಸಾಲದೆ ಹಾರ್ನು ಮಾತ್ರ ಕ್ಷಯರೋಗಿಯ ಹಾಗೆ ಕೆಮ್ಮಿತು. ಎಲ್ಲರೂ ಸರದಿಯಲ್ಲಿ ಸಿಲಿಂಡರಿನ ಹತ್ತಿರ ಅಂಗೈ ಒಡ್ಡಿ ನೋಡಿದರು. ನಿಜವಾಗಿ ಕಾವು ಕಡಿಮೆ ಇತ್ತು. ಖಂಡೇಪೂಜೆಯ ದಿನ ಮಗ್ಗಗಳಿಗೆ, ಗಾಡಿಗೆ ಹೂ ಏರಿಸುವಾಗ ಅತ್ತೆಯವರು ಫ್ಯಾನಿಗೆಂದೇ ಬೇರೆ ವಿಭೂತಿ, ಬೇರೆ ಕುಂಕುಮ ಹಚ್ಚಿದರು. ನಾನು ಕೈಮುಗಿದೆ. ಸ್ವಂತ ಪ್ರತಿಭೆಗೆ ಕೈಮುಗಿಯುವ ಅವಕಾಶ ಎಲ್ಲರಿಗೂ ಸಿಗುವುದಿಲ್ಲ.

ದಸರೆ ಮುಗಿದು ಮಳೆ ಹಿಂದೆಗೆದ ಮೇಲೆ ಪರೀಕ್ಷೆಗೆಂದು ಜಾಂಬೋಟಿಯ ಕಡೆ ಹೊರಟೆವು. ಅವನು ಮುಂದೆ, ನಾನು ಹಿಂದೆ. ಏರಿನಲ್ಲಿ, ನಿಧಾನದಲ್ಲಿ ಗಾಡಿ ಸಮಾಧಾನವಾಗಿತ್ತು. ನಾನು ಅವನ ಬೆನ್ನ ಹಿಂದೆ ಕುಳಿತು ಮುಂದಿನ ಸಂಶೋಧನೆಗಳ ಬಗ್ಗೆ ಯೋಚಿಸುತ್ತಿದ್ದೆ. ಗದ್ದೆಗಳ ನಡುವಿನ ನೇರ ರಸ್ತೆ ಸಿಕ್ಕಾಗ ಅವನು ವೇಗ ಏರಿಸಿದ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಸುಟ್ಟ ವಾಸನೆ ಬಂತು. ಗಾಡಿ ಉಸಿರು ಹಿಡಿದುಕೊಂಡ ಹಾಗೆ ಎಳೆಯಿತು. ಅವನು ಕ್ಲಚ್ ಹಿಡಿದು, ಜಾರಿಸಿಕೊಂಡು ಹೋಗಿ ಬದಿಗೆ ನಿಲ್ಲಿಸಿದ. ಇನ್ನು ಒಂದು ಕ್ಷಣ ಬಿಟ್ಟಿದ್ದರೆ ಕಚ್ಚುತ್ತಿತ್ತು.

ಭತ್ತದ ಗದ್ದೆಯ ಬದುವಿನ ಮೇಲೆ ಕುಳಿತೆವು. ತೆನೆ ಬಾಗಿ ನಿಂತಿದ್ದವು, ಗಾಳಿ ಚೆನ್ನಾಗಿ ಬೀಸುತ್ತಿತ್ತು. ಆ ಗಾಳಿ ಮುಖಕ್ಕೆ ಬಡಿದಾಗಲೇ ನನಗೆ ಹೊಳೆದದ್ದು. ಓಡುವ ಗಾಡಿಗೆ ಗಾಳಿ ತಾನಾಗಿ ಬರುತ್ತದೆ, ಎಷ್ಟು ಓಡಿದರೆ ಅಷ್ಟು. ನಾನು ಆ ಗಾಳಿ ಬರುವ ಬಾಗಿಲಿಗೆ ತಗಡು ಜಡಿದು, ಒಳಗೆ ಒಂದು ಬೀಸಣಿಗೆ ಇಟ್ಟಿದ್ದೆ. ನಿಂತ ಗಾಡಿಗೆ ಅದು ಉಪಕಾರ, ಓಡುವ ಗಾಡಿಗೆ ಕುತ್ತಿಗೆಯ ಉರುಳು. ಓಟದಲ್ಲಿ ಯಾರೂ ನಿಲ್ಲುವುದಿಲ್ಲ ಎಂಬುದು ಒಂಬತ್ತನೆಯ ತರಗತಿಯವರಿಗೂ ಗೊತ್ತು.

"ಇದು ಫ್ಯಾನಿಂದನ ಆತು" ಎಂದೆ.

"ಛೇ, ಏನ್ ಮಾತಾಡ್ತೀರಿ ಮಾಮಾ" ಎಂದ ಅವನು. "ಪೆಟ್ರೋಲ್‌ನಾಗ ಕಸ ಬಂದಿರ್ಬೇಕು."

ಪೆಟ್ರೋಲಿನಲ್ಲಿ ಕಸವಿರಲಿಲ್ಲ. ಅದು ಅವನಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ನಾನು ತಗಡಿನ ಶಾಸ್ತ್ರವನ್ನು ವಿವರಿಸಿದೆ, ಅವನು ವಿಧೇಯ ವಿದ್ಯಾರ್ಥಿಯ ಹಾಗೆ ತಲೆಯಾಡಿಸಿ, ಕೊನೆಗೆ ಪ್ಲಗ್ಗು ಬಿಚ್ಚಿ ಒರೆಸಿ, "ನೋಡ್ರಿ, ಇದ ಇತ್ತು" ಎಂದ. ಮರಳಿ ಬರುವಾಗ ಬಂಡಿಯ ವೇಗದಲ್ಲಿ ಬಂದೆವು. ಇಂಜಿನು ತಣ್ಣಗಿತ್ತು. ಮನೆಗೆ ಬಂದು, ಮಾಮಾರ ಫ್ಯಾನ್ ಭಾರಿ ಕೆಲಸ ಮಾಡ್ತು ಎಂದು ಅಪ್ಪನಿಗೆ ವರದಿ ಒಪ್ಪಿಸಿದ.

ಆ ಭಾನುವಾರದಿಂದ ನನ್ನ ಏಕೈಕ ಕೆಲಸ ಫ್ಯಾನನ್ನು ಬಿಚ್ಚಿಸುವುದಾಯಿತು. ಹಾಕಿಸಲು ಒಂದು ಎಲೆಅಡಿಕೆಯ ಹೊತ್ತು ಸಾಕಾಗಿತ್ತು. ಬಿಚ್ಚಿಸುವುದು ಯಾವ ಅಳಿಯನಿಂದಲೂ ಸಾಧ್ಯವಿಲ್ಲ ಎಂದು ನಿಧಾನವಾಗಿ ತಿಳಿಯಿತು.

ಮೊದಲು ಮಾವನವರಿಗೇ ನೇರ ಹೇಳಿದೆ. ನನ್ನ ಲೆಕ್ಕ ತಪ್ಪಿದೆ, ತೆಗೆದುಬಿಡೋಣ. ಅವರು ಗಾಬರಿಯಿಂದ ನನ್ನ ಮುಖ ನೋಡಿದರು. "ಯಾರರ ಏನರ ಅಂದ್ರೇನ್ರಿ?" ಎಂದು ಕೇಳಿದರು. ಯಾರೂ ಏನೂ ಅನ್ನಲಿಲ್ಲ ಎಂದೆ. ನಾನು ಹಾಗೆಂದ ಧಾಟಿಯಿಂದಲೇ ಯಾರೋ ಏನೋ ಅಂದಿದ್ದಾರೆ ಎಂದು ಅವರಿಗೆ ಖಾತ್ರಿಯಾಯಿತು. ಹಿಂದಿನ ಮಗ್ಗದ ಶೆಡ್ಡಿಗೆ ಹೋಗಿ ಮಗನನ್ನು ಹಿಡಿದರು. ಮಗ್ಗಗಳ ಸದ್ದಿನಲ್ಲಿ ಮಾತು ಕೇಳಲಿಲ್ಲ, ಕೈ ಆಡುವುದು ಕಂಡಿತು. ಅವನು ತಲೆ ತಗ್ಗಿಸಿ ನಿಂತಿದ್ದ. ಮಾಡದ ತಪ್ಪಿಗೆ ಬೈಸಿಕೊಂಡವನು ಹೊರಗೆ ಬಂದು, ನನ್ನ ಕಣ್ಣೆದುರೇ, ಆ ತಗಡಿಗೆ ಇನ್ನೆರಡು ಬೋಲ್ಟು ಬಿಗಿದ.

ಹೆಂಡತಿಗೆ ಹೇಳಿದೆ. ಅವಳು ಕುಪ್ಪಸಕ್ಕೆ ಗುಂಡಿ ಹಚ್ಚುತ್ತಿದ್ದಳು. "ನೀವು ತಗೀರಿ ಅಂದಷ್ಟೂ ಅವರು ನಿಮಗ ಸಿಟ್ಟು ಬಂದೈತಿ ಅಂತ ತಿಳ್ಕೋತಾರ" ಎಂದಳು. "ಅಳಿಯ ಮಾಡಿದ್ದನ್ನ ಬಿಚ್ಚಿ ಒಗದ್ರು ಅಂತ ಮಂದಿ ಅಂದ್ರ ನಮ್ಮಪ್ಪ ಓಣ್ಯಾಗ ತಲಿ ಎತ್ತೂದಿಲ್ಲ." ಹಾಗಾದರೆ ಏನು ಮಾಡಲಿ ಎಂದೆ. ದಾರವನ್ನು ಹಲ್ಲಿನಿಂದ ಕಡಿದು, "ಹಾಕೂ ಮುಂದ ನನ್ನ ಕೇಳಬೇಕಿತ್ತು" ಎಂದಳು. ನನ್ನ ಮೇಲೆ ಆರೋಪ ಹೊರಿಸಲು ಒಪ್ಪಿದ ವ್ಯಕ್ತಿ ಆ ಮನೆಯಲ್ಲಿ ಅವಳೊಬ್ಬಳೇ. ನಿಜ ಹೇಳುತ್ತೇನೆ, ಅವತ್ತು ಅವಳ ಮೇಲೆ ಬಹಳ ಪ್ರೀತಿ ಬಂತು.

ಉಳಿದವರೆಲ್ಲ ನನಗೆ ಸಮಾಧಾನ ಮಾಡುವುದರಲ್ಲಿ ತೊಡಗಿದರು. ಅತ್ತೆಯವರು ಪ್ರತಿ ಭಾನುವಾರ ಒಂದು ಸಿಹಿ ಹೆಚ್ಚಿಸಿದರು. ಕಡುಬು ಬಂತು, ಕುಂದಾ ಬಂತು. ಮುನಿದ ಅಳಿಯನಿಗೆ ಮಾಡುವ ಉಪಚಾರ ಅದು. ನಾನು ಒಂದು ತುತ್ತು ನುಂಗುವಾಗಲೂ ಕಿಟಕಿಯಾಚೆ ಆ ಕೆಂಪು ಗಾಡಿ, ಅದರ ಎದೆಗೆ ನನ್ನ ತಗಡು ಕಾಣುತ್ತಿತ್ತು. ಖೈದಿಗಳಿಗೆ ಕುಂದಾ ತಿನ್ನಿಸುವ ಶಿಕ್ಷೆ ಹಿಂಡಲಗಾ ಜೈಲಿನಲ್ಲಿ ಯಾಕಿಲ್ಲ ಎಂದು ನನಗೆ ಆಶ್ಚರ್ಯವಾಗುತ್ತಿತ್ತು.

ಓಟದ ದಿನ ನಾನು ಖಾನಾಪುರದಿಂದ ಬೆಳಗಿನ ರೈಲಿಗೆ ಬಂದೆ, ಜೇಬಿನಲ್ಲಿ ಒಂದು ಪಾನಾ ಇಟ್ಟುಕೊಂಡು. ಮನೆಯವರೆಲ್ಲ ಆಗಲೇ ಬಯಲಿಗೆ ಹೋಗಿದ್ದರು. ನನ್ನ ಗಡಿಯಾರದ ದಯೆಯಿಂದ ಎಲ್ಲರಿಗಿಂತ ಮೊದಲೇ ಮುಟ್ಟಿ, ಮುಂದಿನ ಸಾಲಿನಲ್ಲಿ ಕುಳಿತಿದ್ದರು. ಮಾವನವರು ಹೊಸ ಧೋತರ ಉಟ್ಟು, ಓಣಿಯ ಹಿರಿಯರನ್ನು, ಬೀಗರಾಗಲಿರುವವರನ್ನು ಗಾಡಿಯ ಸುತ್ತ ನಿಲ್ಲಿಸಿಕೊಂಡು, "ಇದನ್ನ ನಮ್ಮ ಅಳಿಯಾರು ಮಾಡಿದ್ದು, ಸೈನ್ಸ್ ಮಾಸ್ತರ್ರು" ಎಂದು ತೋರಿಸುತ್ತಿದ್ದರು. ಹಿರಿಯರು ಬಗ್ಗಿ ಫ್ಯಾನು ನೋಡಿ, ನನ್ನನ್ನು ನೋಡಿ, ಮತ್ತೆ ಫ್ಯಾನು ನೋಡಿದರು.

ಅವರು ಕುರ್ಚಿಗಳ ಕಡೆ ಹೋದ ಮೇಲೆ ನಾನು ಗಾಡಿಯ ಮುಂದೆ ಮಂಡಿಯೂರಿ ಕುಳಿತೆ. ಬೂಟಿನ ಲೇಸು ಕಟ್ಟುವವನ ಹಾಗೆ ನಟಿಸುತ್ತ ಮೊದಲ ಬೋಲ್ಟಿಗೆ ಪಾನಾ ಹಾಕಿದೆ. ನಾನು ಚಪ್ಪಲಿ ಹಾಕಿಕೊಂಡು ಬಂದಿದ್ದೆ ಎಂಬುದು ಆಮೇಲೆ ನೆನಪಾಯಿತು. ಬೋಲ್ಟು ಸಡಿಲಾಗುವಷ್ಟರಲ್ಲಿ ಮೈದುನ ಬಂದು ಪಕ್ಕದಲ್ಲೇ ಕುಕ್ಕರಗಾಲಿನಲ್ಲಿ ಕುಳಿತು, ನನ್ನ ಕೈಯ ಮೇಲೆ ಕೈ ಇಟ್ಟ.

"ಬ್ಯಾಡ್ರಿ ಮಾಮಾ."

"ಇದು ಇದ್ರ ನಿನ್ನ ಗಾಡಿ ಮುಟ್ಟೂದಿಲ್ಲೋ."

"ಗೊತ್ತೈತ್ರಿ."

"ಯಾವಾಗಿಂದ?"

"ನೀವು ಕಾಗದಾ ಕತ್ತರಸೂ ಮುಂದ" ಎಂದ. ಆಮೇಲೆ ನನ್ನ ಕೈಯಿಂದ ಪಾನಾ ತೆಗೆದುಕೊಂಡು ಆ ಬೋಲ್ಟನ್ನು ಮತ್ತೆ ಬಿಗಿದ. "ಅಪ್ಪಾರು ಈಗಷ್ಟ ಎಲ್ಲಾರಿಗೂ ತೋರಿಸ್ಯಾರ. ಈಗ ಬಿಚ್ಚಿದ್ರ ಅವರ ಮಾರಿ ಎಲ್ಲಿ ಇಡ್ಬೇಕ್ರಿ? ಸಾವಕಾಶ ಹೊಡೀತೀನಿ. ಮುಟ್ಟತೀನಿ."

ಮೊದಲ ಸಲ ಅವನು ನನ್ನ ಮಾತಿಗೆ "ಬ್ಯಾಡ" ಅಂದದ್ದು. ಅನ್ನಬೇಕಾದ ಕಡೆ ಅನ್ನದೆ, ಅನ್ನಬಾರದ ಕಡೆ ಅಂದ.

ಓಟ ಶುರುವಾಗುವ ಮುನ್ನ ಮುಖ್ಯ ಅತಿಥಿಗಳು ಭಾಷಣ ಮಾಡಿದರು. ಗಾಡಿಗಳೆಲ್ಲ ಚಾಲೂ ಆಗಿ ಸಾಲಾಗಿ ನಿಂತಿದ್ದವು. ಅತಿಥಿಗಳು ಯುವಜನತೆ, ಶಿಸ್ತು, ದೇಶ ಎಂದು ಮುಂದುವರಿದರು. ಒಂದೊಂದೇ ಗಾಡಿ ಕಾದು ಕೆಮ್ಮತೊಡಗಿತು, ಒಂದು ಅಲ್ಲೇ ಆರಿಹೋಯಿತು. ನಮ್ಮದು ಮಾತ್ರ ಫ್ಯಾನು ತಿರುಗಿಸುತ್ತ ಬಾವಿಯ ನೀರಿನ ಹಾಗೆ ತಣ್ಣಗೆ ನಿಂತಿತ್ತು. ಮಾವನವರು ಎಡಕ್ಕೂ ಬಲಕ್ಕೂ ತಿರುಗಿ ಎಲ್ಲರ ಮುಖ ನೋಡಿದರು. ಆ ಭಾಷಣ ಸಂಜೆಯವರೆಗೆ ನಡೆದಿದ್ದರೆ ನಮ್ಮವನೇ ಗೆಲ್ಲುತ್ತಿದ್ದ ಎಂದು ಇವತ್ತಿಗೂ ನಂಬಿದ್ದೇನೆ. ದುರದೃಷ್ಟಕ್ಕೆ ಅದು ಮುಗಿಯಿತು, ನಿಶಾನೆ ಬಿತ್ತು.

ಅವನು ಹೇಗೆ ಓಡಿಸಿದ ಎಂಬುದನ್ನು ಬರೆಯಲು ನನಗೆ ಈಗಲೂ ಕಷ್ಟ. ಮೊದಲ ಸುತ್ತಿನ ತಿರುವುಗಳಲ್ಲಿ ಅವನ ಮುಂದೆ ಯಾರೂ ನಿಲ್ಲಲಾರರೆಂದು ಗಾಡಿಯ ಗಂಧವಿಲ್ಲದ ನನಗೂ ಕಂಡಿತು. ಮೈ ವಾಲಿಸಿ, ಮಂಡಿ ಚಾಚಿ, ಧೂಳಿನೊಳಗಿಂದ ಮೊದಲನೆಯವನಾಗಿ ಹೊರಬರುತ್ತಿದ್ದ. ನೇರ ದಾರಿ ಬಂದ ಕೂಡಲೇ ವೇಗ ಇಳಿಸಿ, ಕ್ಲಚ್ ಹಿಡಿದು, ಬೆನ್ನು ನೆಟ್ಟಗೆ ಮಾಡಿ ಕುಳಿತುಬಿಡುತ್ತಿದ್ದ, ಸಂತೆಗೆ ಹೊರಟವನ ಹಾಗೆ. ಎಲ್ಲರೂ ಅವನನ್ನು ದಾಟಿ ಹೋಗುತ್ತಿದ್ದರು. ಮತ್ತೆ ತಿರುವು, ಮತ್ತೆ ಮೂರ್ನಾಲ್ಕು ಜನರನ್ನು ಹಿಂದೆ ಹಾಕುವುದು. ಮತ್ತೆ ನೇರ ದಾರಿ, ಮತ್ತೆ ಸಂತೆ. ಜನ ಮೊದಮೊದಲು ಚಪ್ಪಾಳೆ ತಟ್ಟಿದರು, ಆಮೇಲೆ ನಗತೊಡಗಿದರು. "ಬೀಸಣಿಗಿ ಬಂತ್ ನೋಡಲೇ" ಎಂದು ಯಾರೋ ಕೂಗಿದ, ಹೆಸರು ಅಂಟಿತು. ಪ್ರತಿ ಸುತ್ತಿಗೂ ಬೀಸಣಿಗೆಗೆ ಜೈಕಾರವಾಯಿತು. ನಾನು ನನ್ನ ಚಪ್ಪಲಿಗಳನ್ನು ನೋಡುತ್ತ ನಿಂತಿದ್ದೆ.

ಕೊನೆಯ ಸುತ್ತಿನಲ್ಲಿ ಗಾಡಿಯ ಸದ್ದು ಬದಲಾಯಿತು. ಅವನು ಹಿಂದಿನ ವರ್ಷ ನಿಂತ ಜಾಗದ ಹತ್ತಿರ, ಕ್ಲಚ್ ಹಿಡಿದು, ಇಂಜಿನನ್ನು ಉಸಿರಾಡಲು ಬಿಟ್ಟು, ಬಿಟ್ಟು, ಬರೀ ಜಾರಿಸಿಕೊಂಡೇ ಬಂದ. ತಳ್ಳಲಿಲ್ಲ. ಎಲ್ಲರಿಗಿಂತ ಕೊನೆಯವನಾಗಿ ಗೆರೆ ದಾಟಿದ.

ಮಾವನವರ ಕಣ್ಣಲ್ಲಿ ನೀರಿತ್ತು. ಬೀಗರ ಕಡೆಯವರಿಗೆ ಅವರು ಹೇಳಿದ್ದು ನನಗೆ ಕೇಳಿಸಿತು: ಹ್ವಾದ ವರ್ಷ ನಡುವ ನಿಂತಿತ್ತು, ಈ ವರ್ಷ ಅಳಿಯಾರ ಫ್ಯಾನ್ ಇದ್ದಿದ್ದಕ್ಕ ಮುಟ್ಟಿತು. ಹಿರಿಯರು ಬಂದು ನನ್ನ ಕೈ ಹಿಡಿದು ಕುಲುಕಿದರು. ಬೀಗರಾಗಲಿರುವವರು ಇನ್ನೂ ಸಂತೋಷಪಟ್ಟರು. ಹುಡುಗ ಇಷ್ಟು ಸಾವಕಾಶ ಗಾಡಿ ಹೊಡೆಯುತ್ತಾನೆಂದು ತಮಗೆ ಗೊತ್ತಿರಲಿಲ್ಲ, ಇಂಥವನಿಗೆ ಮಗಳನ್ನು ಕೊಡಲು ಹೆದರಿಕೆಯಿಲ್ಲ ಎಂದರು. ಎರಡು ಸಂಸಾರಗಳು ತೃಪ್ತವಾದವು. ತೃಪ್ತಿಯಾಗದೆ ಉಳಿದವನು ಗಾಡಿಯ ಪಕ್ಕದಲ್ಲಿ ಒಬ್ಬನೇ ನಿಂತು ಮುಖದ ಧೂಳು ಒರೆಸಿಕೊಳ್ಳುತ್ತಿದ್ದ.

ಮನೆಯವರು ಟಾಂಗಾ ಹತ್ತಿ ಹೋದರು. ನಾವು ಗಾಡಿಯ ಮೇಲೆ ಬರುತ್ತೇವೆಂದೆ. ಇಳಿಹೊತ್ತಾಗಿತ್ತು, ಬಯಲಿನಲ್ಲಿ ಶೇಂಗಾ ಸಿಪ್ಪೆ, ಸುಣ್ಣದ ಗೆರೆ, ಕುರ್ಚಿ ಹೊರುವವರು ಬಿಟ್ಟರೆ ಯಾರೂ ಇರಲಿಲ್ಲ. ಇಂಜಿನು ತಣಿಯುವ ಟಿಕ್ ಟಿಕ್ ಸದ್ದು ನಿಲ್ಲುವವರೆಗೆ ಇಬ್ಬರೂ ಕಾದೆವು. ಆಮೇಲೆ ಅವನು ತಾನೇ ಪಾನಾವನ್ನು ನನ್ನ ಕೈಗೆ ಕೊಟ್ಟ.

ತಗಡು ಬಿಚ್ಚಿದೆ. ನಾನು ಬಿಗಿದ ಬೋಲ್ಟುಗಳು ಸುಲಭಕ್ಕೆ ಬಂದವು, ಬೈಸಿಕೊಂಡ ದಿನ ಅವನು ಬಿಗಿದ ಎರಡು ಬಹಳ ಹೊತ್ತು ತೆಗೆದುಕೊಂಡವು. ಅವನು ಕಿಕ್ ಹೊಡೆದು ಒಬ್ಬನೇ ಹೋದ. ಖಾಲಿ ಬಯಲಿನಲ್ಲಿ ಅದೇ ಸುತ್ತು, ಅದೇ ತಿರುವು. ನೇರ ದಾರಿ ಬಂದಾಗ ಅವನು ಟಾಕಿಯ ಮೇಲೆ ಬಗ್ಗಿದ. ಆ ಸದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಕುರ್ಚಿ ಹೊರುತ್ತಿದ್ದವರು ಇಳಿಸಿಟ್ಟು ನೋಡಿದರು. ಎಷ್ಟು ಸುತ್ತು ಹೊಡೆದನೋ ಎಣಿಸಲಿಲ್ಲ. ಇಳಿಹೊತ್ತಿನ ತಂಪಿನಲ್ಲಿ, ಮುಂದೆ ಯಾರ ಧೂಳೂ ಇಲ್ಲದೆ, ಒಮ್ಮೆಯೂ ಗಾಡಿ ಉಸಿರು ಹಿಡಿಯಲಿಲ್ಲ.

ಬಂದು ನಿಲ್ಲಿಸಿ, ಸಿಲಿಂಡರಿನ ಹತ್ತಿರ ಅಂಗೈ ಒಡ್ಡಿ ನೋಡಿದ. ನಾನೂ ಒಡ್ಡಿದೆ. ಕಾವು ಇತ್ತು, ಇರಬೇಕಾದಷ್ಟೇ.

"ಖರೇ ಹೇಳ್ಲೇನ್ರಿ ಮಾಮಾ?" ಎಂದ.

ಜಾಂಬೋಟಿಯ ಬದುವಿನ ಮೇಲೆ ಕುಳಿತ ದಿನದಿಂದ ನಾನು ಆ ಮಾತಿಗಾಗಿ ಕಾದಿದ್ದೆ. ಎರಡು ಬೈಗುಳ ಬಿದ್ದರೆ ಹಗುರಾಗಿ ಖಾನಾಪುರಕ್ಕೆ ಹೋಗಬಹುದಿತ್ತು. "ಹೇಳು" ಎಂದೆ. ಅವನು ನನ್ನ ಮುಖ ನೋಡಿದ, ನನ್ನ ಕಂಕುಳಲ್ಲಿದ್ದ ತಗಡು ನೋಡಿದ, ಕಿಕ್ಕಿನ ಮೇಲೆ ಕಾಲಿಟ್ಟ.

"ಬ್ಯಾಡ ಬಿಡ್ರಿ" ಎಂದ. "ಹತ್ರಿ, ಊಟಕ್ಕ ದಾರಿ ಕಾಯ್ತಿರ್ತಾರ."

ಮನೆಗೆ ಬಂದಾಗ ತಾಟು ಹಾಕಿತ್ತು. ನನ್ನ ತಾಟಿನ ಕೆಳಗೆ ಮಣೆ, ಮಾವನವರ ಪಕ್ಕಕ್ಕೆ. ಓಟ ಓಡಿ ಬಂದವನು ಕೈಕಾಲು ತೊಳೆದುಕೊಂಡು ಕೊನೆಯಲ್ಲಿ ಕುಳಿತ. ಅತ್ತೆಯವರು ಹೋಳಿಗೆಯ ಬುಟ್ಟಿ ಹಿಡಿದು ಅವನನ್ನು ದಾಟಿ ನನ್ನ ಮುಂದೆ ಬಂದರು. ಮೊದಲು ಅವನಿಗೆ ಬಡಿಸಿರಿ ಎಂದೆ. ಅತ್ತೆಯವರ ಮುಖದಲ್ಲಿ, ಅಳಿಯ ಇನ್ನೂ ಮುನಿದಿದ್ದಾನೆ ಎಂಬ ಗಾಬರಿ ಕಂಡಿತು. ಒಂದರ ಬದಲು ಎರಡು ಹೋಳಿಗೆ ನನ್ನ ತಾಟಿಗೆ ಬಿದ್ದವು. ತುಪ್ಪ ಹರಿಯಿತು. ಆಚೆ ತುದಿಯಿಂದ ಮೈದುನ, "ಊಟಾ ಮಾಡ್ರಿ ಮಾಮಾ" ಎಂದ.

ಮಾಡಿದೆ.